ಹನ್ನೆರಡನೇ ಲಿವರ್

"ಲಿವರಿಗಿ ಬಂದದ" ಅಂದರು ಡಾಕ್ಟರು.
ಅಪ್ಪನ ಬಲಗೈ ತಾನಾಗಿ ಮುಂದಾಯಿತು,
ಹಿಡಿಕೆ ಹಿಡಿಯುವ ಹಾಗೆ.
ವಾಡಿ ಜಂಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷ
ಆ ಕೈಗೆ ಗೊತ್ತಿದ್ದ ಲಿವರ್ ಒಂದೇ ಜಾತಿಯದು,
ಕಬ್ಬಿಣದ್ದು, ಎದೆಯೆತ್ತರ, ನೆತ್ತಿಯ ಮೇಲೆ ನಂಬರು.

ಹಾಸಿಗೆಯಲ್ಲಿದ್ದವರು ದಸ್ತಗೀರ್‌ಸಾಬ್, ಆಚೆ ಕ್ಯಾಬಿನ್ನಿನವರು.
ಇಬ್ಬರೂ ಎದುರು ಕೂತು ಉಂಡದ್ದು ನಾಲ್ಕೈದು ಸಲ.
ಉಳಿದ ಮಾತೆಲ್ಲ ಗಂಟೆಯಲ್ಲೇ:
ಒಂದು ಬಡಿತ, ಇದ್ದೀಯಾ?
ಮೂರು, ಗಾಡಿ ಒಳಗೆ ಬಂತು.
ನಾಲ್ಕು, ದಾಟಿ ಹೋಯಿತು.
ಆರು ಬಡಿದರೆ ಎದ್ದು ಓಡಬೇಕು.

ನಾನು ಕಲಬುರಗಿಯಲ್ಲಿ ಸ್ಲೈಡು ಮಾಡುವವಳು.
ಮೇಣದಲ್ಲಿ ಹುದುಗಿದ ತುಣುಕನ್ನು
ಉಳ್ಳಾಗಡ್ಡಿ ಪೊರೆಗಿಂತ ತೆಳ್ಳಗೆ ಕೊಯ್ದು
ಗುಲಾಬಿಯಲ್ಲಿ, ನೀಲಿಯಲ್ಲಿ ಅದ್ದುತ್ತೇನೆ.
ಅವರದು ನಂಬರಾಗಿ ಬಂತು. ವಯಸ್ಸು, ಊರು ನೋಡಿ
ಬ್ಲೇಡು ಒಂದು ಗಳಿಗೆ ನಿಂತಿತು.
ಆಮೇಲೆ ಕೊಯ್ದೆ.

ಹೈದರಾಬಾದಿನಿಂದ ಜೀನಿನ ವರದಿ ಬಂದ ದಿನ
ವರಾಂಡದಲ್ಲಿ ಅಪ್ಪನಿಗೆ ಹೇಳಿದೆ:
"ಕೋಶದಾಗೂ ಕ್ಯಾಬಿನ್ ಅದ ಅಪ್ಪ.
ಹೊರಗಿಂದ ಗಂಟಿ ಬರ್ತದ: ಗಾಯ ಆಗ್ಯಾದ, ಬೆಳಿ.
ಒಳಗ ಒಬ್ಬಾಂವ ಲಿವರ್ ಎಳೀತಾನ,
ಕೈಯಿಂದ ಕೈಗಿ ಸುದ್ದಿ ನಡುಮನಿ ಮುಟ್ಟತದ,
ಒಂದು ಇದ್ದದ್ದು ಎರಡು ಆಗ್ತದ.
ಆಮ್ಯಾಲ ಲಿವರ್ ವಾಪಸ್ ಹಾಕಬೇಕು."

"ಹಾಕಲಿಲ್ಲೇನು?"

"ಹಾಕಲಕ್ಕ ಬರಲಿಲ್ಲ. ಹನ್ನೆರಡನೇ ಜಾಗದಾಗ
ಒಂದು ಅಕ್ಷರ ಬದಲಾಗ್ಯಾದ."

ಅಪ್ಪ ಬಹಳ ಹೊತ್ತು ಕಪ್ಪಿನ ತಳ ನೋಡಿದ.
"ನಮ್ಮಲ್ಲಿ ತಂತಿ ಹರಿದ್ರ
ಸಿಗ್ನಲಿನ ಕೈ ತಾನೇ ಅಡ್ಡ ಆಗ್ತದ.
ಕೆಟ್ರ ಗಾಡಿ ನಿಂದರಬೇಕು. ಹಂಗೇ ಕಟ್ಟಿರ್ತಾರ."

ಇಲ್ಲೂ ಹಾಗೇ ಕಟ್ಟಿದ್ದಾರೆ ಎಂದೆ.
ತಾನು ಕೆಟ್ಟಿದ್ದೇನೆಂದು ತಿಳಿದ ಕೋಶ
ದೀಪ ಆರಿಸಿ, ತನ್ನನ್ನೇ ಸಣ್ಣ ಸಣ್ಣ ಗಂಟು ಕಟ್ಟಿಟ್ಟು
ನೆರೆಯವರಿಗೆ ಸದ್ದಾಗದಂತೆ ಹೋಗಿಬಿಡುತ್ತದೆ.
ದಿನಾ ಸಾವಿರಾರು ಕೋಟಿ ಹೀಗೆ ಹೋಗುತ್ತವೆ ನಮ್ಮೊಳಗಿಂದ,
ಅದಕ್ಕೇ ನಾವು ಇದ್ದೇವೆ.
ಇವರಲ್ಲಿ ಆ ಗಂಟೆಯೂ ಕೆಟ್ಟಿತ್ತು.
ಉಳಿದದ್ದಕ್ಕೆ ದ್ವೇಷವಿಲ್ಲ, ಹಸಿವೂ ಅಲ್ಲ ಅದು.
ಯಾರೂ ಕಳಿಸದ ಗಾಡಿಗೆ
ರಾತ್ರಿಯಿಡೀ ದಾರಿ ಬಿಡುತ್ತಿರುವ ವಿಧೇಯತೆ.

"ನೀ ಹುಟ್ಟೋಕಿಂತ ಮೊದಲ ಒಮ್ಮೆ,"
ಅಪ್ಪ ಅಂದ, "ಸಿಮೆಂಟಿನ ಧೂಳು
ಗಾಲಿಯೊಳಗ ಕೂತು, ಮಳಿ ಬಿದ್ದು, ಕಲ್ಲಾಗಿತ್ತು.
ಲಿವರ್ ಹಾಕಿದೆ. ಹೊರಗ ಕೈ ಏಳಲಿಲ್ಲ.
ಆರು ಬಡದೆ.
ದಸ್ತಗೀರ ಕೆಂಪು ಲಾಟೀನು ಹಿಡದು
ಬರಿಗಾಲಿಲೆ ಓಡಿದ ಹಳಿಗುಂಟ.
ಮಾಲಗಾಡಿ ನಿಂತಾಗ
ಅಂವನ ಹೆಬ್ಬೆರಳಿನ ಉಗುರು ಇದ್ದಿದ್ದಿಲ್ಲ."
ಸ್ವಲ್ಪ ತಡೆದು: "ಈಗ ಯಾರು ಓಡಬೇಕು?"

ಔಷಧ ಒಂದಿದೆ,
ಅದೇ ಜಾಗದಲ್ಲಿ ಬೇರೆ ಅಕ್ಷರ ಬದಲಾದವರಿಗೆ.
ಇವರ ಅಕ್ಷರಕ್ಕೆ ಇನ್ನೂ ಪರೀಕ್ಷೆ ನಡೆದಿದೆ, ಎಲ್ಲೋ.
ಹೇಳಿದೆ. ಹೇಳಬಾರದಿತ್ತೇನೋ.

ವಾರ್ಡಿನಲ್ಲಿ ಅಪ್ಪ ಸ್ಟೂಲೆಳೆದು ಕೂತ,
ಮನೆಯ ಚಾವಿಯಿಂದ ಮಂಚದ ಕಬ್ಬಿಣಕ್ಕೆ
ಒಂದು ಬಡಿದ.
ಸಲೈನಿನ ಹನಿ ಎಷ್ಟೋ ಬಿದ್ದ ಮೇಲೆ
ಆ ಕಡೆಯಿಂದ ಉಂಗುರದ ಬೆರಳು: ಒಂದು.

ಆಗ ಅಪ್ಪ ಐದು ಬಡಿದ.
ಐದು ಅಂದರೆ, ಈಗ ಹೇಳಿದ್ದು ರದ್ದು.

ದಸ್ತಗೀರ್‌ಸಾಬ್ ಕಣ್ಣು ತೆರೆಯದೆ ನಕ್ಕರು.
"ರೂಲು ಮರ್ತಿ ಸಾಯಬಣ್ಣ,
ಗಾಡಿ ಒಳಗ ಬಂದಮ್ಯಾಲ
ಐದು ನಡೆಯಂಗಿಲ್ಲ.
ಕೂಡು.
ನಾಲ್ಕು ಬಡಿಯೋತನ ಕೂಡು."