ಬೆನ್ನಿನ ಎರಡು ತೂತು

ನಾಲ್ಕು ವರ್ಷ ನಾನು ಆ ಪೆಟ್ಟಿಗೆಯ ಮುಖವನ್ನಷ್ಟೇ ನೋಡಿದ್ದೆ.
ಗೇನ್, ಬಾಸ್, ಟ್ರೆಬಲ್, ಒಂದು ಕೆಂಪು ದೀಪ.
ಬೆನ್ನು ಯಾವಾಗಲೂ ಗೋಡೆಗೆ,
ಮದುವೆಮನೆಯಲ್ಲಿ ಮುನಿಸಿಕೊಂಡ ಸೋದರಮಾವನ ಹಾಗೆ.

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಜಬೀವುಲ್ಲಾ ಅದನ್ನು ತೊಡೆಯ ಮೇಲೆ ಬೋರಲು ಹಾಕಿ
ಉಫ್ ಎಂದು ಊದಿದರು. ಧೂಳು ಹಾರಿತು,
ಒಂದು ಜಿರಲೆಯೂ.
"ಎಂಥ ತೊಂದರೆ?"
"ಸದ್ದು ಕಲಸಿಹೋಗ್ತದೆ. ಸಾಗರದ ಛತ್ರದಲ್ಲಿ
ಲಿಡ್ವಿನ್ ಎರಡನೇ ಚರಣಕ್ಕೇ ಮೈಕು ಕೆಳಗಿಟ್ಟಳು.
ನೀ ನುಡಿಸ್ತಿರೋದು ಗಿಟಾರಾ, ಹಿಟ್ಟಿನ ಗಿರಣಿಯಾ ಅಂದಳು."

ಪೆಡಲುಗಳನ್ನು ಅವರ ಬೆಂಚಿನ ಮೇಲೆ ಸಾಲಾಗಿ ಇಟ್ಟೆ.
ಕೊಂಡ ಕ್ರಮದಲ್ಲೇ ಇದ್ದವು:
ಮೊದಲ ಸಂಬಳದ ಡಿಲೇ,
ಪಾತ್ರೆ ಅಂಗಡಿಯ ರುದ್ರೇಶ ಸಾಲದ ಬದಲು ಕೊಟ್ಟ ವಾ,
ಹೋದ ದೀಪಾವಳಿಯ ಡಿಸ್ಟಾರ್ಶನ್.
ನನಗೆ ಯಾವುದು ಮೊದಲು ಸಿಕ್ಕಿತೋ
ಸದ್ದಿಗೂ ಅದೇ ಮೊದಲು ಸಿಗುತ್ತಿತ್ತು.

ಬೆಸುಗೆಕಡ್ಡಿ ಪಕ್ಕಕ್ಕಿಟ್ಟು ಕೇಳಿದರು:
"ಒಗ್ಗರಣೆ ಹಾಕಿದ ಮೇಲೆ ಬೇಳೆ ಬೇಯಿಸ್ತೀಯೇನೋ ಮಾರಾಯ?"

ನನಗೆ ಹೊಳೆಯಲಿಲ್ಲ. ಬೇರೆ ಥರ ಹೇಳಿದರು.
"ಆಗುಂಬೆ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಕೂಗಿದ್ದೀಯಲ್ಲ?
ಮೊದಲು ಗಂಟಲು ಹರೀತದೆ.
ಆಮೇಲೆ ಗುಡ್ಡ ವಾಪಸ್ಸು ಕೊಡ್ತದೆ,
ಒಂದು, ಸಣ್ಣಗೆ ಇನ್ನೊಂದು,
ಬಿದಿರುಮೆಳೆಯ ಆಚೆಗೆಲ್ಲೋ ಮತ್ತೊಂದು.
ನೀನು ಗುಡ್ಡವನ್ನೇ ನುಂಗಿ ಆಮೇಲೆ ಕೂಗ್ತಿದ್ದೀಯ.
ಮಾರ್ದನಿಗಳೆಲ್ಲ ಗಂಟಲಲ್ಲೇ ನೂಕಾಡಿ ಒಟ್ಟಿಗೆ ಹರೀತವೆ.
ಚಿಕ್ಕದೂ ದೊಡ್ಡದರಷ್ಟೇ ಅರಚ್ತದೆ.
ಮಾಸಬೇಕಾದ್ದು ಮಾಸೋದೇ ಇಲ್ಲ."

"ಹಾಗಾದ್ರೆ ಡಿಲೇನ ಕೊನೆಗಿಡ್ತೇನೆ."
"ಸಾಲದು. ನಿನ್ನ ಪೆಟ್ಟಿಗೆಗೆ ಸ್ವಂತ ಸಿಟ್ಟೂ ಉಂಟು.
ಗೇನು ಹತ್ತಕ್ಕೆ ಏರಿಸಿ
ಎಲ್ಲಾನೂ ಮುಂದಿನ ತೂತಿಗೇ ತುರುಕಿದ್ರೆ
ಮತ್ತೆ ಗುಡ್ಡ ಮೊದಲು, ಗಂಟಲು ಆಮೇಲೆ."

ಆಗ ಬೆನ್ನು ತೋರಿಸಿದರು.
ಎರಡು ತೂತು, ಅರ್ಧ ಅಳಿಸಿದ ಅಕ್ಷರ:
ಸೆಂಡ್. ರಿಟರ್ನ್.
ಸಿಟ್ಟು ಮುಗಿದ ಮೇಲೆ, ತೋಳಿಗೆ ಬಲ ಬರುವ ಮೊದಲು
ಹೊಟ್ಟೆಯಲ್ಲೊಂದು ಹಿತ್ತಿಲ ಬಾಗಿಲು.
ಇದರಲ್ಲಿ ಹೊರಟ ಸದ್ದು
ಗುಡ್ಡ ಸುತ್ತಿ, ಬೇಕಾದರೆ ಚರ್ಚಿನ ಎತ್ತರದ ಚಾವಣಿ ಮುಟ್ಟಿ
ಅದರಲ್ಲಿ ಒಳಗೆ ಬರುತ್ತದೆ.
ವಾ ಮಾತ್ರ ಮುಂದೆಯೇ ಇರಲಿ, ಬೆರಳ ಹತ್ತಿರ,
ಅದು ಬಾಯಿ.

ಕೂಲಿ ನೂರೈವತ್ತು. ಎರಡು ಉದ್ದದ ಕೇಬಲ್ಲಿನದು ಬೇರೆ.
ಜಿರಲೆಗೆ ಲೆಕ್ಕ ಹಾಕಲಿಲ್ಲ.

ತೀರ್ಥಹಳ್ಳಿಯ ಒಂದು ನಿಶ್ಚಿತಾರ್ಥ. ಆ ಸಂಜೆ
ಪ್ರತಿ ಸ್ವರವೂ ತನ್ನ ನೆರಳನ್ನು ಬೇರೆಯಾಗಿ ಹಾಸಿತು,
ಒಂದರ ಮೇಲೊಂದು ಬೀಳದೆ.
ಲಿಡ್ವಿನ್ ಹುಬ್ಬೇರಿಸಿ ತಿರುಗಿ ನೋಡಿದಳು.
ನಾಲ್ಕು ವರ್ಷದಲ್ಲಿ ಮೊದಲ ಸಲ, ನನ್ನ ಮುಖವನ್ನಲ್ಲ,
ಕಾಲ ಬುಡವನ್ನು.

ಮೂರನೇ ಹಾಡಿನ ನಡುವೆ ಡಿಲೇಯ ಬ್ಯಾಟರಿ ಸತ್ತಿತು.
ಹೋದ ಸದ್ದು ಮರಳಲಿಲ್ಲ. ಪೆಟ್ಟಿಗೆಗೆ ಪೆಟ್ಟಿಗೆಯೇ ಮೂಕ,
ದೀಪ ಮಾತ್ರ ಕೆಂಪಗೆ.
ಕಳಿಸಿದ್ದು ಹೊರಗೇ ಉಳಿದರೆ
ಒಳಗಿನ ಬಲಕ್ಕೆ ಎತ್ತಲು ಏನೂ ಇರುವುದಿಲ್ಲ ಎಂದು
ಜಬೀವುಲ್ಲಾ ಹೇಳಿರಲಿಲ್ಲ.
ಹೇಳುವಾಗ ನಾನು ಕೇಬಲ್ಲಿನ ಚೌಕಾಸಿಯಲ್ಲಿದ್ದೆನೋ ಏನೋ.

ಅವಳು ನಿಲ್ಲಿಸಲಿಲ್ಲ.
ಕೀಬೋರ್ಡಿನ ಹಾಲೇಶ ಎರಡೂ ಕೈ ಎತ್ತಿದ.
ಬರೀ ಗಂಟಲು.
ಆಮೇಲೆ ತಗಡಿನ ಮಾಡು, ಹಿಂದಿನ ಗೋಡೆ,
ಊಟದ ಹಾಲಿನಲ್ಲಿ ಕವುಚಿಟ್ಟ ಸ್ಟೀಲು ಲೋಟಗಳು.
ಅದೇ ಕ್ರಮದಲ್ಲಿ.

ನಾನು ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು
ಪೆಡಲಿನ ತಳ ಬಿಚ್ಚಿ
ಒಂಬತ್ತು ವೋಲ್ಟನ್ನು ನಾಲಿಗೆಗೆ ಮುಟ್ಟಿಸಿದೆ.
ಚುರುಕ್ಕೆನ್ನಲಿಲ್ಲ.
ಸಪ್ಪೆ.