ರಿಪೇರಿಗೆ ಬಂದ ಗಿಟಾರು

ಅಲ್ಮೇರಿಯಾದ ನನ್ನ ಅಂಗಡಿಗೆ, ಬಾಗಿಲೆಳೆಯುವ ಹೊತ್ತಿಗೆ,
ಎಲಾಡಿಯೋ ಕೊರ್ತೆಸನ ಗಿಟಾರು ಹೊತ್ತು ಬಂದಳು
ಮಗಳು ಅರಾಸೆಲಿ. ಮೈಯೆಲ್ಲ ಮೀನಿನ ವಾಸನೆ.
ಮ್ಯೂಸಿಯಮ್ಮಿನವರು ಕೇಳಿದ್ದಾರಂತೆ.
'ಹೊಸದರ ಹಾಗೆ ಮಾಡಿಕೊಡಿ.'

ತಂತಿ ಸಡಿಲಿಸಿ ಒಳಗೆ ದೀಪ ಇಳಿಸಿದೆ.
ಬಹುಮಾನ ಬಾರದ ಒಂದು ಲಾಟರಿ ಚೀಟಿ,
ಆಲಿವ್ ಬೀಜ,
ಅಂಟು ಮೆತ್ತಿ ಗಟ್ಟಿಮಾಡಿದ ಉಗುರಿನ ಚೂರು,
ಹೆಬ್ಬೆರಳಿನದೇ ಇರಬೇಕು.

ಬೆರಳು ತೋರಿಸಿದರೆ ಹಸ್ತ ನುಂಗುವ ವಾದ್ಯ ಇದು.
ಅವನ ಹೆಂಡತಿಯ ಬಳೆಗಳನ್ನೂ ನುಂಗಿತು,
ಹ್ಯಾಂಬರ್ಗಿನ ಹನ್ನೊಂದು ಚಳಿಗಾಲಗಳನ್ನೂ.
ಅಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರಂತೆ,
ತಾಳ ತಪ್ಪಿ.
ಅದಕ್ಕೇ ಬಂದುಬಿಟ್ಟೆ ಅನ್ನುತ್ತಿದ್ದ. ಸುಳ್ಳು.
ಅಲ್ಲಿ ಹಾಡುವವರು ಯಾರೂ ಇರಲಿಲ್ಲ.

ನಾನು ಅವನನ್ನು ಕೇಳಿದ್ದು ಒಂದೇ ಸಲ,
ಯಾರದೋ ಮದುವೆಯ ಮೂರನೇ ರಾತ್ರಿ.
ಮುದುಕಿ ಕಾಂದೆಲಾ ಹಾಡುತ್ತಾ ಹಾಡುತ್ತಾ ಸಾಲು ಮರೆತಳು.
ಮಿಂಚಿನಂಥ ಕೈ ಅವನದು, ಏನು ಬೇಕಾದರೂ ಮೆರೆಯಬಹುದಿತ್ತು.
ಬಾವಿಗೆ ಬಿಟ್ಟ ಹಗ್ಗದ ಹಾಗೆ
ಒಂದೇ ತಂತಿ ಇಳಿಬಿಟ್ಟು
ಕಾದ.
ಮುದುಕಿ ಹಿಡಿದು ಮೇಲೆ ಬಂದಳು.

ಈಗ ಸೈಪ್ರೆಸ್ ಮರದ ಈ ಮೈ,
ರಂಧ್ರದ ಕೆಳಗೆ ಉಗುರು ಕೆರೆದೂ ಕೆರೆದೂ
ಬೋಗುಣಿಯಾದ ಜಾಗ.
ಇದನ್ನು ಉಜ್ಜಲಾರೆನಮ್ಮ, ಅಂದೆ.
ಅವಳು ಸುಮ್ಮನೆ ಬಾಗಿಲಾಚೆ ನೋಡುತ್ತಿದ್ದಳು,
ಗೆಣ್ಣುಗಳು ನನ್ನ ಮೇಜಿನ ಮೇಲೆ ಆಡುತ್ತಿದ್ದವು:
ಮೂರಕ್ಕೆ, ಆರಕ್ಕೆ, ಎಂಟಕ್ಕೆ ಒತ್ತು,
ಹತ್ತರ ಆಚೆ ಒಂದು ಹಳ್ಳ,
ಆಮೇಲೆ ಹನ್ನೆರಡು, ಮೆತ್ತಗೆ.

'ಅಪ್ಪ ಕಲಿಸಿದನೇ?'

'ಏನನ್ನು?' ಅಂದಳು,
ಬಡಿಯುತ್ತಲೇ.