ಹತ್ತು ಗುಂಟೆ

ತಿಪಟೂರಿನ ರೈಲುಹಳಿ ಪಕ್ಕದ ಗಾಳಿ ಯಾವತ್ತೂ
ಸ್ವಲ್ಪ ಎಣ್ಣೆ, ಸ್ವಲ್ಪ ಹೊಗೆ.
ಕೊಬ್ಬರಿ ಮಂಡಿಗೆ ಹೋಯಿತು, ನಾರು ಹಗ್ಗಕ್ಕೆ,
ಕರಟ ಗಂಗಹುಚ್ಚಮ್ಮನ ಗುಂಡಿಗೆ.

ಬಾಯಿಗೆ ತಗಡು, ತಗಡಿನ ಅಂಚಿಗೆ ಕೆಮ್ಮಣ್ಣು.
"ಉಸಿರು ಬಿಟ್ರೆ ಬೂದಿ," ಅಂದಳು,
"ಉಸಿರು ಕಟ್ಟುದ್ರೆ ಇದ್ಲು."
ಇಷ್ಟನ್ನೇ ನಾನು ಎರಡು ಸೆಮಿಸ್ಟರ್ ಓದಿದ್ದೆ.

ಎರಡು ಕೆಜಿ ಕೊಂಡೆ. ಚಿಲ್ಲರೆ ಇಲ್ಲವೆಂದು
ಇನ್ನೊಂದು ಹಿಡಿ ಹಾಕಿದಳು.

ಲ್ಯಾಬಿನಲ್ಲಿ ಕುಟ್ಟಿ, ಜರಡಿ ಹಿಡಿದು,
ಮತ್ತೊಮ್ಮೆ ಕೆಂಪಗೆ ಕಾಯಿಸಿ ಹಬೆ ಹಾಯಿಸಿದೆ.
ಹಬೆ ಗೆದ್ದಲಿನ ಹಾಗೆ ಕೊರೆಯುತ್ತಾ ಹೋಯಿತು:
ಓಣಿ, ಓಣಿಯೊಳಗೆ ಸಂದಿ,
ಸಂದಿಯೊಳಗೆ ಕೂದಲೂ ತೂರದ ಗೂಡು.
ತೂಕ ಅರ್ಧಕ್ಕಿಳಿಯಿತು.
ಇಳಿದದ್ದೇ ಗಳಿಕೆ.

ಹಳೇ ಬ್ಯಾಟರಿ ಕರಗಿಸುವ ಶೆಡ್ಡಿನ ಹಿಂದಿನ ಬೋರಿನ ನೀರು
ನೆಂಟರ ಮುಂದೆ ಕೂರಿಸಿದ ತುಂಟನಂತೆ
ಬಾಟಲಿಯಲ್ಲಿ ತೆಪ್ಪಗೆ, ತಿಳಿಯಾಗಿ.
ಕುದಿಸಿದರೆ ಸೀಸ ಹೋಗುವುದಿಲ್ಲ,
ನೀರು ಹೋಗುತ್ತದೆ.
ಚಿಟಿಕೆ ಕಪ್ಪು ಹಾಕಿ ರಾತ್ರಿಯಿಡೀ ಅಲುಗಾಡಿಸಿ
ಸೋಸಿ, ತುಮಕೂರಿನ ಯಂತ್ರಕ್ಕೆ ಕಳಿಸಿ
ಹನ್ನೊಂದು ದಿನ ಕಾದೆ.
ನೂರರಲ್ಲಿ ತೊಂಬತ್ತು ಪಾಲು ಸೀಸ ಕಾಣೆ!

ಹೇಳಲು ಓಡಿದೆ.
"ಒಂದು ಗ್ರಾಂ ಬಿಚ್ಚಿ ಹಾಸಿದರೆ, ಅಮ್ಮ,
ನಿನ್ನ ಇದ್ದಿಲಲ್ಲಿ ಹತ್ತು ಗುಂಟೆ ಜಾಗ."

ಕೆಮ್ಮು ಬರುವ ತನಕ ನಕ್ಕಳು.
"ಪಾಣಿ ಯಾರ ಹೆಸ್ರಿಗೈತೆ?"
ಅವಳ ಗುಂಡಿ ಇರುವುದು ರೈಲ್ವೆಯವರ ನೆಲದಲ್ಲಿ,
ವರ್ಷಕ್ಕೊಮ್ಮೆ ಬಂದು ಮುಚ್ಚಿಸುತ್ತಾರೆ;
ಹದಿನೈದು ದಿನ ಬಿಟ್ಟು ಮತ್ತೆ ತೋಡುತ್ತಾಳೆ.

ಸಲಿಕೆ ಊರಿಕೊಂಡು ಕೇಳಿದಳು:
"ಆ ಸೀಸ ಎಲ್ಲೋಯ್ತು?"
ಇದರೊಳಗೇ. ಗೋಡೆಗಂಟಿ ಕೂತಿದೆ.
"ಗೂಡೆಲ್ಲ ತುಂಬುದ್ಮೇಲೆ?"

ಆಸಿಡ್ಡಲ್ಲಿ ತೊಳೆಯಬಹುದು, ಅಂದೆ.
ತೊಳೆದ ಆಸಿಡ್ಡು?
ಅದನ್ನವಳು ಕೇಳಲಿಲ್ಲ, ನಾನೇ ಕೇಳಿಕೊಂಡೆ
ಹಿಂತಿರುಗುವ ಆಟೋದಲ್ಲಿ.
ನನ್ನ ಐದನೇ ಅಧ್ಯಾಯದಲ್ಲಿ ಅದಕ್ಕಿರುವುದು ಒಂದೇ ಸಾಲು:
ಸುರಕ್ಷಿತವಾಗಿ ವಿಲೇವಾರಿ ಮಾಡತಕ್ಕದ್ದು.

ಕಪಾಟಿನಲ್ಲೀಗ ಒಂದು ಸೀಸೆ.
ಸೀಸೆಯೊಳಗೆ ಇದ್ದಿಲು, ಇದ್ದಿಲೊಳಗೆ ಸೀಸ.
ಚೀಟಿಯ ಮೇಲೆ ತಾರೀಖಿದೆ,
ಎಲ್ಲಿಗೆ ಎಂಬುದಿಲ್ಲ.
ಕರಟದ ಗಾಡಿ ಬರುವ ಸೋಮವಾರ
ದಾರಿಯಲ್ಲಿ ಕಂಡರೆ ಗಂಗಹುಚ್ಚಮ್ಮ
ಮಸಿಯ ಕೈ ಎತ್ತಿ ಕೂಗುತ್ತಾಳೆ:
"ಏನ್ ಮೇಡಮ್ಮೋರೇ,
ನಿಮ್ ಹತ್ತು ಗುಂಟೆ ಒಕ್ಕಲು
ಇನ್ನೂ ಅಲ್ಲೇ ಅವ್ರಾ?"